ಮಧ್ಯರಾತ್ರಿ ಹಾಡಿದವರು ಬೆಳಿಗ್ಗೆ ಏನು ಕೇಳಿದರು?

ಯೂತ್ ಸರ್ವಿಸ್ ಸಂದೇಶ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 16:16-40

  ಕುಳಿತುಕೊಳ್ಳಿ. ಹಿಂದೆ ಬಾಗಿಲ ಹತ್ತಿರ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ವಾಕ್ಯಭಾಗವನ್ನು ಈಗಷ್ಟೇ ಓದಿದ್ದೇವೆ. ಸತ್ಯವೇದ ಮುಚ್ಚಬೇಡಿ, ಮತ್ತೆ ಅಲ್ಲಿಗೇ ಬರ್ತೀವಿ. ಅದಕ್ಕೂ ಮುಂಚೆ ಒಂದು ಪ್ರಶ್ನೆ. ಸಂಡೇ ಸ್ಕೂಲ್‌ನಲ್ಲಿ, ಬೇಸಿಗೆ ರಜೆಯ ವಿ.ಬಿ.ಎಸ್.ನಲ್ಲಿ, ತೋರುಬೆರಳನ್ನು ಮೇಣದಬತ್ತಿ ಥರ ಎತ್ತಿ ಹಿಡಿದು ಒಂದು ಆ್ಯಕ್ಷನ್ ಸಾಂಗ್ ಹಾಡ್ತಿದ್ದೆವಲ್ಲ, ‘ದಿಸ್ ಲಿಟಲ್ ಲೈಟ್ ಆಫ್ ಮೈನ್’, ಅದನ್ನ ಎಷ್ಟು ಜನ ಹಾಡಿದ್ದೀರಿ? ಕೈ ಎತ್ತಿ. ನೋಡಿ, ಹೆಚ್ಚುಕಡಿಮೆ ಎಲ್ಲರೂ. ಬೆರಳಿಗೆ ‘ಫೂ’ ಅಂತ ಊದೋ ಆ್ಯಕ್ಷನ್ ಕೂಡ ನೆನಪಿದೆ ಅಲ್ವಾ? ನನಗೂ ಇದೆ. ಆ ಹಾಡನ್ನು ನಾನು ಬೈಬಲ್ ಕಾಲೇಜು ಮುಗಿಸುವವರೆಗೂ ಮಕ್ಕಳ ಹಾಡು ಅಂತಲೇ ಅಂದುಕೊಂಡಿದ್ದೆ.

ಹೋದ ತಿಂಗಳು ಪ್ರಶ್ನೆ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಒಂದು ಚೀಟಿ ಬಂತು. ‘ಪಾಸ್ಟರ್, ವಿಶ್ವಾಸಿಗಳು ಹೋರಾಟದ ಹಾಡು ಹಾಡಬಹುದಾ? ಅದು ಲೋಕದ ಹಾಡಲ್ವಾ?’ ಬರೆದವರು ಯಾರೋ ಗೊತ್ತಿಲ್ಲ, ಇಲ್ಲೇ ಕೂತಿರಬಹುದು. ಆ ವಾರ ನಾನು ಉತ್ತರ ಕೊಡಲಿಲ್ಲ. ನಿಜ ಹೇಳ್ತೀನಿ, ಕೊಡೋಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ಆ ಚೀಟಿಗೆ ಉತ್ತರ ಕೊಡಬೇಕು. ಚೀಟಿ ಬರೆದವರಿಗಷ್ಟೇ ಅಲ್ಲ, ನಮ್ಮ ಸಭೆಯ ಒಬ್ಬ ಅಕ್ಕನಿಗೂ ನಾನು ಒಂದು ಉತ್ತರ ಬಾಕಿ ಇಟ್ಟುಕೊಂಡಿದ್ದೀನಿ. ಅದನ್ನ ಕೊನೆಗೆ ಹೇಳ್ತೀನಿ.

ಮೊದಲು ಬೆರಳೆತ್ತಿ ಹಾಡಿದ ಆ ಹಾಡಿನ ವಿಷಯ.

ಅಮೆರಿಕದ ದಕ್ಷಿಣದಲ್ಲಿ ಮಿಸಿಸಿಪ್ಪಿ ಅಂತ ಒಂದು ರಾಜ್ಯ. ಅಲ್ಲಿ ರೂಲ್‌ವಿಲ್ ಎಂಬ ಸಣ್ಣ ಊರಿನ ಹತ್ತಿರ ಹತ್ತಿ ತೋಟದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಕಪ್ಪು ಜನಾಂಗದ ಮಹಿಳೆ, ಫ್ಯಾನಿ ಲೂ ಹೇಮರ್. 1917ರಲ್ಲಿ ಹುಟ್ಟಿದವರು. ಗುತ್ತಿಗೆ ಬೇಸಾಯದ ಬಡ ಕುಟುಂಬ, ತಂದೆತಾಯಿಗೆ ಇಪ್ಪತ್ತನೆಯ ಮಗು. ಆರು ವರ್ಷಕ್ಕೇ ಹತ್ತಿ ಬಿಡಿಸೋಕೆ ಹೋದವರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ನಡಿಗೆ ಸ್ವಲ್ಪ ಕುಂಟು. ಸತ್ಯವೇದ ಚೆನ್ನಾಗಿ ಗೊತ್ತು, ಧ್ವನಿ ಇನ್ನೂ ಚೆನ್ನಾಗಿದೆ. ಬ್ಯಾಪ್ಟಿಸ್ಟ್ ಸಭೆಯವರು, ನಮ್ಮ ಹಾಗೆ ಪೆಂತೆಕೊಸ್ತರಲ್ಲ. ಆದರೆ ಆಕೆ ಹಾಡೋದನ್ನ ಕೇಳಿದ್ರೆ ನೀವು ನಂಬಲ್ಲ.

1962ರ ಆಗಸ್ಟ್‌ನಲ್ಲಿ ಅವರ ಸಭೆಯಲ್ಲಿ ಒಂದು ಕೂಟ ಆಯಿತು. ಜೇಮ್ಸ್ ಬೆವೆಲ್ ಎಂಬ ಯುವ ಪ್ರಸಂಗಿ ಕಾಲದ ಗುರುತುಗಳನ್ನು ತಿಳಿದುಕೊಳ್ಳುವ ಬಗ್ಗೆ ಯೇಸು ಹೇಳಿದ ಮಾತಿನಿಂದ ಸಂದೇಶ ಕೊಟ್ಟರು. ಆಮೇಲೆ ಅಲ್ಲಿದ್ದ ಯುವಕರು ಕಪ್ಪು ಜನರಿಗೂ ಮತ ಹಾಕುವ ಹಕ್ಕಿದೆ ಅಂತ ವಿವರಿಸಿದರು. ಹೇಮರ್‌ಗೆ ಆಗ 44 ವರ್ಷ. ತನಗೆ ವೋಟು ಹಾಕುವ ಹಕ್ಕಿದೆ ಅನ್ನೋದು ಆಕೆಗೆ ಗೊತ್ತಾದದ್ದೇ ಆ ದಿನ. ಯೋಚಿಸಿ, ಪ್ರತಿ ಭಾನುವಾರ ಸಭೆಗೆ ಹೋದವರು, ಹಾಡಿದವರು, ಪ್ರಾರ್ಥಿಸಿದವರು. 44 ವರ್ಷ ಯಾರೂ ಹೇಳಿರಲಿಲ್ಲ.

ಆಗಸ್ಟ್ 31ಕ್ಕೆ ಹದಿನೆಂಟು ಜನ ಒಂದು ಹಳೆಯ ಬಸ್ಸಿನಲ್ಲಿ ಇಂಡಿಯನೋಲಾ ಎಂಬ ಊರಿನ ಕೋರ್ಟ್ ಕಟ್ಟಡಕ್ಕೆ ಹೋದರು, ಹೆಸರು ನೋಂದಾಯಿಸೋಕೆ. ಅಲ್ಲಿ ಪರೀಕ್ಷೆ. ರಾಜ್ಯದ ಸಂವಿಧಾನದಿಂದ ಒಂದು ಭಾಗ ಕೊಟ್ಟು, ಇದರ ಅರ್ಥ ಬರೆ ಅನ್ನೋದು. ಹತ್ತಿ ಬಿಡಿಸುವ ಕೂಲಿಯವರಿಗೆ! ಫೇಲ್ ಮಾಡೋಕೆ ಅಂತಲೇ ಇಟ್ಟ ಪರೀಕ್ಷೆ. ಫೇಲ್ ಆದರು. ವಾಪಸ್ ಬರುವಾಗ ಪೊಲೀಸರು ಬಸ್ಸು ನಿಲ್ಲಿಸಿದರು. ಅಪರಾಧ ಏನು ಗೊತ್ತಾ? ಬಸ್ಸಿನ ಬಣ್ಣ ಸ್ಕೂಲ್ ಬಸ್ಸಿನ ಥರ ಹಳದಿ ಆಗಿದೆಯಂತೆ. ಅದೇ ಬಸ್ಸು ಅಷ್ಟು ವರ್ಷ ಕೂಲಿಗಳನ್ನು ಹತ್ತಿ ಹೊಲಕ್ಕೆ ಹೊತ್ತುಕೊಂಡು ಹೋಗುವಾಗ ಹಳದಿ ಬಣ್ಣ ಯಾರ ಕಣ್ಣಿಗೂ ಚುಚ್ಚಿರಲಿಲ್ಲ.

ಬಸ್ಸಿನೊಳಗೆ ಕೂತವರಿಗೆ ಭಯ. ಜೈಲಿಗೆ ಹಾಕ್ತಾರಾ, ಹೊಡೀತಾರಾ, ಏನೂ ಗೊತ್ತಿಲ್ಲ. ಆಗ ಹಿಂದಿನಿಂದ ಒಂದು ದನಿ ಎದ್ದಿತು. ಹೇಮರ್ ಹಾಡೋಕೆ ಶುರು ಮಾಡಿದರು. ಸಭೆಯಲ್ಲಿ ಹಾಡುವ ಅದೇ ಹಾಡುಗಳು. ಒಂದಾದ ಮೇಲೆ ಒಂದು. ಬಸ್ಸಿನವರೆಲ್ಲ ದನಿಗೂಡಿಸಿದರು. ಆ ದಿನದ ನಂತರ ನಾವು ಬೆರಳೆತ್ತಿ ಹಾಡುವ ಹಾಡು ಆಕೆಯ ಗುರುತಿನ ಹಾಡೇ ಆಗಿಹೋಯಿತು. ಹೋದ ಕಡೆಯೆಲ್ಲ ಅದನ್ನು ಹಾಡಿದರು. ಬೆಳಕು ಅಂದ್ರೆ ಆಕೆಗೆ ಬೆರಳ ತುದಿಯ ಆಟ ಆಗಿರಲಿಲ್ಲ. ಅದೇ ರಾತ್ರಿ ತೋಟದ ಯಜಮಾನ, ಅರ್ಜಿ ವಾಪಸ್ ತಗೋ, ಇಲ್ಲಾಂದ್ರೆ ಜಾಗ ಖಾಲಿ ಮಾಡು ಅಂದ. 18 ವರ್ಷ ಆತನ ಬಳಿ ದುಡಿದಿದ್ದರು. ಆಕೆ ಅರ್ಜಿ ವಾಪಸ್ ತಗೊಳ್ಳಲಿಲ್ಲ, ಮನೆ ಬಿಟ್ಟರು. ಕೆಲವೇ ದಿನಗಳಲ್ಲಿ ಆಕೆಗೆ ಆಶ್ರಯ ಕೊಟ್ಟಿದ್ದ ಮನೆಯ ಮೇಲೆ ರಾತ್ರಿ ಗುಂಡು ಹಾರಿಸಿದರು. ದೇವರ ಕೃಪೆ, ಆಕೆ ಅಲ್ಲಿರಲಿಲ್ಲ.

ಈ ಹಾಡುಗಳು ಹೇಗೆ ಕೆಲಸ ಮಾಡಿದವು ಅಂತ ಸ್ವಲ್ಪ ಹೇಳಬೇಕು. ನಿಮ್ಮಲ್ಲಿ ವರ್ಷಿಪ್ ಟೀಮ್‌ನವರು ಇದ್ದೀರಿ, ನಿಮಗೆ ಇಷ್ಟ ಆಗುತ್ತೆ. ಕಪ್ಪು ಜನರ ಸಭೆಗಳಲ್ಲಿ ಒಂದು ಹಳೆಯ ಪದ್ಧತಿ. ಒಬ್ಬರು ಸಾಲು ಎತ್ತಿಕೊಡ್ತಾರೆ, ಉಳಿದವರು ಹಿಡಿದುಕೊಳ್ಳುತ್ತಾರೆ. ಪುಸ್ತಕ ಬೇಡ, ಪ್ರೊಜೆಕ್ಟರ್ ಬೇಡ. ಓದು ಬಾರದ ಅಜ್ಜಿಯೂ ಹಾಡಬಹುದು, ಮೊದಲ ಸಲ ಬಂದವನೂ ಹಾಡಬಹುದು. ನಮ್ಮ ಹಳ್ಳಿ ಭಜನೆಯಲ್ಲೂ ಹಾಗೇ ಅಲ್ವಾ? ಒಂದು ಪದ ಬದಲಿಸಿದರೆ ಹಾಡು ಆ ದಿನದ್ದಾಗಿಬಿಡುತ್ತದೆ. 1961ರ ಡಿಸೆಂಬರ್‌ನಲ್ಲಿ ಜಾರ್ಜಿಯಾ ರಾಜ್ಯದ ಆಲ್ಬನಿ ಊರಲ್ಲಿ ವಿದ್ಯಾರ್ಥಿಗಳ ಮೆರವಣಿಗೆ ಮುಗಿದು ಎಲ್ಲರೂ ಚರ್ಚಿನಲ್ಲಿ ಸೇರಿದ್ದರು. ಬರ್ನಿಸ್ ಜಾನ್ಸನ್ ಎಂಬ ಕಾಲೇಜು ಹುಡುಗಿಗೆ, ಪಾಸ್ಟರ್ ಮಗಳು, ಹಾಡು ಅಂದರು. ಆಕೆ ಒಂದು ಹಳೆಯ ಭಕ್ತಿಗೀತೆ ಎತ್ತಿಕೊಂಡರು. ಅದರಲ್ಲಿ ‘ಕಷ್ಟ’ ಎಂಬ ಅರ್ಥದ ಪದ ಬರುವ ಜಾಗದಲ್ಲಿ, ಹಾಡ್ತಾ ಹಾಡ್ತಾನೇ, ‘ಸ್ವಾತಂತ್ರ್ಯ’ ಅಂತ ಹಾಕಿದರು. ಯಾರೂ ಕಲಿಸಿರಲಿಲ್ಲ. ಮುಂದಿನ ವರ್ಷ ಅವರು ಮತ್ತು ಇನ್ನು ಮೂವರು ಸೇರಿ ‘ಫ್ರೀಡಂ ಸಿಂಗರ್ಸ್’ ಅಂತ ತಂಡ ಕಟ್ಟಿ ಊರೂರು ಸುತ್ತಿದರು. ಈ ಹೋರಾಟದಲ್ಲಿ ಸೇರಿದ್ದಕ್ಕೆ ಕಾಲೇಜಿನಿಂದ ಆಕೆಯನ್ನು ಹೊರಗೆ ಹಾಕಿದ್ದರು.

‘ವಿ ಶಲ್ ಓವರ್‌ಕಮ್’ ಎಲ್ಲರಿಗೂ ಗೊತ್ತು. ಕನ್ನಡದಲ್ಲೇ ಶಾಲೆಯಲ್ಲಿ ಹಾಡಿದ್ದೀರಿ. ಅದರ ಬೇರು ಇದೇ ಸಭೆಗಳ ಹಳೆಯ ಹಾಡು. 1945-46ರಲ್ಲಿ ಸೌತ್ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ತಂಬಾಕು ಕಾರ್ಖಾನೆಯ ಕಪ್ಪು ಮಹಿಳೆಯರು ಮುಷ್ಕರ ಹೂಡಿ, ಗೇಟಿನ ಮುಂದೆ ತಿಂಗಳುಗಟ್ಟಲೆ ನಿಂತು ಅದನ್ನು ಹಾಡಿದರು. ಹಾಡಿನಲ್ಲಿ ‘ನಾನು’ ಇದ್ದದ್ದು ಅಲ್ಲಿ ‘ನಾವು’ ಆಯಿತು. ಈ ಒಂದು ಪದ ನನ್ನನ್ನು ಬಹಳ ಕಾಡಿದೆ. ನಮ್ಮ ಪ್ಲೇಲಿಸ್ಟ್ ತೆಗೆದು ನೋಡಿ. ನನ್ನ ಕಣ್ಣೀರು, ನನ್ನ ಗಾಯ, ನನ್ನ ಬ್ರೇಕ್‌ಥ್ರೂ. ತಪ್ಪು ಅಂತ ಹೇಳ್ತಿಲ್ಲ, ಕೀರ್ತನೆಗಳಲ್ಲೂ ‘ನಾನು’ ಇದೆ. ಆದರೆ ಪಕ್ಕದ ಕುರ್ಚಿಯಲ್ಲಿ ಕೂತವರ ಕಣ್ಣೀರು ನಮ್ಮ ಹಾಡಲ್ಲಿ ಎಲ್ಲಿದೆ?

ಇನ್ನೊಂದು ಮಾತು, ಮರೆಮಾಚದೆ ಹೇಳ್ತೀನಿ. ಆ ಹಾಡುಗಳಲ್ಲಿ ಕೆಲವು ಕಡೆ ‘ಯೇಸು’ ಎಂಬ ಹೆಸರು ತೆಗೆದು ‘ಸ್ವಾತಂತ್ರ್ಯ’ ಎಂಬ ಪದ ಹಾಕಿದರು. ಇದನ್ನು ಮೊದಲು ಓದಿದಾಗ ನನಗೆ ಇರುಸುಮುರುಸಾಯಿತು. ಈಗಲೂ ಸ್ವಲ್ಪ ಆಗುತ್ತೆ. ಕರ್ತನ ನಾಮ ಬಿಟ್ಟ ಹಾಡು ನಾಳೆ ಬರೀ ಘೋಷಣೆಯಾಗಿ ಉಳಿಯಬಹುದು. ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕಲ್ಲ. ಆಮೋಸ ಐದನೇ ಅಧ್ಯಾಯ 23, 24 ಮನೆಗೆ ಹೋಗಿ ಓದಿ. ಅಲ್ಲಿ ಜನ ಕರ್ತನ ನಾಮದಲ್ಲೇ ಹಾಡ್ತಿದ್ದಾರೆ, ವಾದ್ಯ ಬಾರಿಸ್ತಿದ್ದಾರೆ. ದೇವರು ಅದನ್ನು ಗದ್ದಲ ಅಂತ ಕರೆದು, ನನ್ನಿಂದ ದೂರ ಮಾಡಿ ಅಂತಾನೆ. ಆತನಿಗೆ ಬೇಕಾಗಿದ್ದದ್ದು ಹೊಳೆಯ ಹಾಗೆ ಹರಿಯುವ ನ್ಯಾಯ. 1963ರಲ್ಲಿ ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಎತ್ತಿ ಹೇಳಿದ್ದು ಆಮೋಸನ ಅದೇ ಮಾತನ್ನು. ಹೆಸರಿಲ್ಲದ ಹಾಡಿನ ಬಗ್ಗೆ ನನಗೆ ಚಿಂತೆ ಇದೆ ಪ್ರಿಯರೇ. ನ್ಯಾಯವಿಲ್ಲದ ಹಾಡಿನ ಬಗ್ಗೆ ದೇವರಿಗೇ ಚಿಂತೆ ಇದೆ.

ಮತ್ತೆ ಮರಿಯಳ ಹಾಡು? ಲೂಕ ಒಂದನೇ ಅಧ್ಯಾಯ. ಕ್ರಿಸ್ಮಸ್ ಬಂದರೆ ಆ ಭಾಗ ಓದ್ತೀವಿ, ಆಮೇಲೆ ಕೇಕು. ಹಳ್ಳಿಯ ಬಡ ಹುಡುಗಿ, ಮದುವೆ ಆಗಿಲ್ಲ, ಗರ್ಭಿಣಿ. ಆಕೆ ಹಾಡ್ತಿರೋದು ಏನು? ಸಿಂಹಾಸನದ ಮೇಲೆ ಕೂತವರು ಕೆಳಗಿಳಿಯೋದು, ದೀನರು ಮೇಲೇಳೋದು, ಹಸಿದವರ ಹೊಟ್ಟೆ ತುಂಬೋದು, ಐಶ್ವರ್ಯವಂತರು ಬರಿಗೈಲಿ ಹೋಗೋದು. ಇದನ್ನು ಹೇಮರ್ ಬಸ್ಸಿನಲ್ಲಿ ಹಾಡಿದ್ದರೆ ಪೊಲೀಸರು ಏನು ಮಾಡ್ತಿದ್ದರು? ಚೀಟಿ ಬರೆದವರೇ, ಮರಿಯಳ ಹಾಡು ಲೋಕದ ಹಾಡಾ?

ಸರಿ, ಈಗ ಫಿಲಿಪ್ಪಿಗೆ ಬನ್ನಿ. ಅಪೊಸ್ತಲರ ಕೃತ್ಯಗಳು 16.

ದುರಾತ್ಮ ಹಿಡಿದ ಒಬ್ಬ ದಾಸಿ. ಆಕೆ ಕಣಿ ಹೇಳ್ತಾಳೆ, ದುಡ್ಡು ಯಜಮಾನರ ಜೇಬಿಗೆ. ಪೌಲ ಯೇಸುವಿನ ನಾಮದಲ್ಲಿ ಆ ದುರಾತ್ಮವನ್ನು ಬಿಡಿಸ್ತಾನೆ. ಹಲ್ಲೆಲೂಯಾ. ಆದರೆ 19ನೇ ವಚನ ನೋಡಿ: ಯಜಮಾನರಿಗೆ ಸಿಟ್ಟು ಬಂದಿದ್ದು ಯಾಕೆ? ವರಮಾನ ಹೋಯಿತು ಅಂತ. ಈಗ 20, 21 ನೋಡಿ. ನ್ಯಾಯಾಧಿಪತಿಗಳ ಮುಂದೆ ಅವರು ‘ನಮ್ಮ ದುಡ್ಡು ಹೋಯಿತು’ ಅಂತ ಹೇಳಿದರಾ? ಇಲ್ಲ. ಇವರು ಯೆಹೂದ್ಯರು, ನಾವು ರೋಮನ್ನರು, ಇವರಿಂದ ಊರು ಕೆಡ್ತಿದೆ ಅಂದರು. ಒಳಗಿರೋದು ಹಣದ ಲೆಕ್ಕ, ಮುಂದಿಟ್ಟದ್ದು ಜನಾಂಗದ ಮಾತು. ಎರಡು ಸಾವಿರ ವರ್ಷದಿಂದ ಈ ಆಟ ಬದಲಾಗಿಲ್ಲ. ಮಿಸಿಸಿಪ್ಪಿಯಲ್ಲೂ ಅಷ್ಟೇ. ಬಣ್ಣದ ಮಾತಿನ ಹಿಂದೆ ಕಡಿಮೆ ಕೂಲಿಗೆ ಬಿಡಿಸಬೇಕಾದ ಹತ್ತಿ ಇತ್ತು.

ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ಬಟ್ಟೆ ಕಿತ್ತು ಕೋಲಿನಿಂದ ಹೊಡೆದು ಒಳಸೆರೆಗೆ ಹಾಕಿ ಕಾಲಿಗೆ ಕೋಳ. ಮಧ್ಯರಾತ್ರಿ ಪೌಲನೂ ಸೀಲನೂ ಪ್ರಾರ್ಥನೆ ಮಾಡುತ್ತಾ ಹಾಡ್ತಾರೆ. ಉಳಿದ ಸೆರೆಯವರು ಕಿವಿಗೊಟ್ಟು ಕೇಳ್ತಾರೆ.

ಈ ಭಾಗ ಮಿಸಿಸಿಪ್ಪಿಯ ಜೈಲುಗಳಲ್ಲಿ ಇದ್ದವರಿಗೆ ಬಾಯಿಪಾಠ ಆಗಿತ್ತು. 1961ರ ಬೇಸಿಗೆಯಲ್ಲಿ ಬಸ್ಸಿನಲ್ಲಿ ಕಪ್ಪು ಬಿಳಿ ಬೇರೆ ಬೇರೆ ಕೂರಬೇಕು ಎಂಬ ಪದ್ಧತಿ ಮುರಿಯಲು ಹೋದ ಮುನ್ನೂರಕ್ಕೂ ಹೆಚ್ಚು ಜನರನ್ನು ಜ್ಯಾಕ್ಸನ್ ನಗರದಲ್ಲಿ ಬಂಧಿಸಿದರು. ಬಹಳ ಜನರನ್ನು ಪಾರ್ಚ್‌ಮನ್ ಎಂಬ ದೊಡ್ಡ ಜೈಲಿಗೆ ಕಳಿಸಿದರು. ಹೆಚ್ಚಿನವರು ನಿಮ್ಮ ವಯಸ್ಸಿನವರು. ಅಲ್ಲಿ ಹಾಡಿದರು. ನಿಲ್ಲಿಸದಿದ್ದರೆ ಹಾಸಿಗೆ ಕಿತ್ಕೊಳ್ತೀವಿ ಅಂದರು ಕಾವಲುಗಾರರು. ಹಾಡಿದವರು ಹಾಸಿಗೆಯನ್ನೇ ಕೊಟ್ಟು, ಬರೀ ಕಬ್ಬಿಣದ ಮೇಲೆ ಮಲಗಿ, ಹಾಡು ಮುಂದುವರಿಸಿದರು. ನಮಗೆ ಎ.ಸಿ. ಕೆಟ್ಟರೆ ಆರಾಧನೆಯಲ್ಲಿ ಅಭಿಷೇಕ ಇಲ್ಲ ಅನಿಸುತ್ತೆ. ನಗಬೇಡಿ, ಹೋದ ಭಾನುವಾರ ನಾನೇ ಅಂದಿದ್ದು.

ಈಗ ಹೇಮರ್ ಕಥೆಯ ಕಠಿಣವಾದ ಭಾಗ. 1963ರ ಜೂನ್ 9. ಒಂದು ತರಬೇತಿ ಮುಗಿಸಿ ವಾಪಸ್ ಬರುವಾಗ ವಿನೋನಾ ಎಂಬ ಊರಲ್ಲಿ ಬಸ್ಸು ನಿಂತಿತು. ಜೊತೆಯವರು ಕೆಲವರು ಇಳಿದು ಹೋಟೆಲ್ ಒಳಗೆ ಹೋದರು, ಬಿಳಿಯರ ಜಾಗಕ್ಕೆ. ಅಷ್ಟೇ. ಎಲ್ಲರನ್ನೂ ಬಂಧಿಸಿದರು. ಜೈಲಿನಲ್ಲಿ ಒಬ್ಬೊಬ್ಬರನ್ನೇ ಹೊಡೆದರು. 15 ವರ್ಷದ ಒಬ್ಬ ಹುಡುಗಿಯನ್ನೂ ಬಿಡಲಿಲ್ಲ. ಆ್ಯನೆಲ್ ಪಾಂಡರ್ ಎಂಬ ಸಹೋದರಿ ‘ಸರ್’ ಅನ್ನಲಿಲ್ಲ ಅಂತ ಹೊಡೆದರು. ಹೇಮರ್ ತನ್ನ ಸೆಲ್‌ನಿಂದ ಆ ಕೂಗು ಕೇಳಿಸಿಕೊಂಡರು, ಹೊಡೆಯುವವರಿಗಾಗಿ ಆ ಸಹೋದರಿ ಪ್ರಾರ್ಥಿಸುವುದನ್ನೂ ಕೇಳಿಸಿಕೊಂಡರು. ಆಮೇಲೆ ಹೇಮರ್ ಸರದಿ. ಪೊಲೀಸರು ಇಬ್ಬರು ಕಪ್ಪು ಕೈದಿಗಳ ಕೈಗೆ ಬಡಿಗೆ ಕೊಟ್ಟು ಹೊಡೆಸಿದರು. ತುಳಿತಕ್ಕೊಳಗಾದವನ ಕೈಯಿಂದಲೇ ತುಳಿತಕ್ಕೊಳಗಾದವಳನ್ನು ಹೊಡೆಸೋದು. ಇದಕ್ಕಿಂತ ಸೈತಾನನ ಕೆಲಸ ಇನ್ನೊಂದಿಲ್ಲ. ಮೂತ್ರಪಿಂಡಕ್ಕೆ ಪೆಟ್ಟು, ಕಣ್ಣಿಗೆ ಪೆಟ್ಟು, ಅವು ಜೀವನಪೂರ್ತಿ ವಾಸಿಯಾಗಲಿಲ್ಲ.

ಆ ರಾತ್ರಿ ನೋವಿನಿಂದ ಮಲಗೋಕೆ ಆಗ್ತಿಲ್ಲ. ಅದೇ ಸೆಲ್‌ನಲ್ಲಿ 17 ವರ್ಷದ ಒಬ್ಬ ಹುಡುಗಿ ಇದ್ದಳು. ನನ್ನ ಜೊತೆ ಹಾಡ್ತೀಯಾ ಅಂತ ಹೇಮರ್ ಕೇಳಿದರು. ಇಬ್ಬರೂ ಹಾಡಿದರು, ‘ವಾಕ್ ವಿತ್ ಮಿ, ಲಾರ್ಡ್’. ಕರ್ತನೇ, ಜೊತೆಯಲ್ಲಿ ನಡೆ ಅಂತ ಬೇಡುವ ಹಾಡು. ಅದು ವಿಜಯದ ಹಾಡಲ್ಲ. ಪೌಲ ಸೀಲರ ಹಾಡನ್ನೂ ಅವರು ಆ ಜೈಲಲ್ಲಿ ಹಾಡಿದರು.

ಭೂಕಂಪ ಆಯಿತಾ? ಆಗಲಿಲ್ಲ. ಇದನ್ನ ನಾನು ಬೇಗ ದಾಟಿ ಹೋಗಲ್ಲ, ಯಾಕಂದ್ರೆ ನಮ್ಮ ಸಭೆಗಳಲ್ಲಿ ಹಾಡಿದರೆ ಗೋಡೆ ಬೀಳುತ್ತೆ ಅಂತ ಮಾತ್ರ ಹೇಳಿಕೊಡ್ತೀವಿ. ವಿನೋನಾದಲ್ಲಿ ಬೀಳಲಿಲ್ಲ. ಮೂರು ದಿನ ಆದ ಮೇಲೆ, ಜೂನ್ 12ಕ್ಕೆ ಬಿಡುಗಡೆ ಆಯಿತು. ಅದೇ ದಿನ ನಸುಕಿಗೂ ಮುಂಚೆ ಅದೇ ರಾಜ್ಯದಲ್ಲಿ ಮೆಡ್ಗರ್ ಎವರ್ಸ್ ಎಂಬ ನಾಯಕನನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದಿದ್ದರು. ಹೊಡೆದ ಅಧಿಕಾರಿಗಳ ಮೇಲೆ ಕೇಸು ನಡೆದು, ಡಿಸೆಂಬರ್‌ನಲ್ಲಿ ಬರೀ ಬಿಳಿಯರೇ ಇದ್ದ ಜ್ಯೂರಿ ಅವರನ್ನು ನಿರಪರಾಧಿಗಳೆಂದು ಬಿಟ್ಟಿತು.

ಆದರೆ ಆ ಜೈಲಿನಲ್ಲಿ ಇನ್ನೊಂದು ನಡೆಯಿತು. ಜೈಲರನ ಹೆಂಡತಿ ಮತ್ತು ಮಗಳು ಇವರಿಗೆ ತಣ್ಣನೆಯ ನೀರು ತಂದುಕೊಟ್ಟರು. ಹೇಮರ್ ಕೃತಜ್ಞತೆ ಹೇಳಿದಾಗ, ನಾವೂ ಕ್ರೈಸ್ತ ಜೀವನ ಮಾಡೋಕೆ ಪ್ರಯತ್ನಿಸ್ತೀವಿ ಎಂಬರ್ಥದಲ್ಲಿ ಆ ಹೆಂಗಸು ಮಾತಾಡಿದರು. ಹೇಮರ್ ಆಕೆಗೆ ಎರಡು ವಚನ ಓದಲು ಹೇಳಿದರು, ಜ್ಞಾನೋಕ್ತಿ 26:26, ಅಪೊಸ್ತಲರ ಕೃತ್ಯಗಳು 17:26. ಆಕೆ ಬರೆದುಕೊಂಡರು. ಮೊದಲನೆಯದು ಮುಚ್ಚಿಟ್ಟ ದ್ವೇಷ ಸಭೆಯ ಮುಂದೆ ಬಯಲಾಗುವ ಬಗ್ಗೆ. ಎರಡನೆಯದು ದೇವರು ಎಲ್ಲ ಜನಾಂಗಗಳನ್ನೂ ಒಂದೇ ಮೂಲದಿಂದ ಉಂಟುಮಾಡಿದ ಬಗ್ಗೆ. ಫಿಲಿಪ್ಪಿಯ ಸೆರೆಯ ಯಜಮಾನ ಗಾಯ ತೊಳೆದ; ವಿನೋನಾದ ಜೈಲರನ ಹೆಂಡತಿ ನೀರು ಕೊಟ್ಟರು. ಹೇಮರ್ ಆ ನೀರು ಕುಡಿದರು, ಧನ್ಯವಾದ ಹೇಳಿದರು, ಸತ್ಯವನ್ನೂ ಹೇಳಿದರು. ನೀರು ಕೊಟ್ಟರಲ್ಲ ಅಂತ ಸತ್ಯ ನುಂಗಲಿಲ್ಲ.

ಈಗ ನಾವು ಸಾಮಾನ್ಯವಾಗಿ ಓದದ ಭಾಗ. 34ನೇ ವಚನದಲ್ಲಿ ಸೆರೆಯ ಯಜಮಾನ ಮನೆಯವರೆಲ್ಲರ ಜೊತೆ ಸಂತೋಷಪಡ್ತಾನೆ. ಎಷ್ಟೋ ಸಂದೇಶಗಳು ಅಲ್ಲಿಗೇ ಮುಗಿಯುತ್ತವೆ. ಆಮೆನ್, ಕಾಣಿಕೆ, ಆಶೀರ್ವಾದ. 35ನೇ ವಚನ: ಬೆಳಗಾಯಿತು. ಅಧಿಕಾರಿಗಳು ಜವಾನರನ್ನು ಕಳಿಸಿ, ಅವರನ್ನು ಬಿಟ್ಟುಬಿಡಿ ಅಂದರು. ನಾನಾಗಿದ್ದರೆ? ಸ್ತೋತ್ರ ಹೇಳಿ ಚಪ್ಪಲಿ ಹಾಕ್ಕೊಂಡು ಓಡ್ತಿದ್ದೆ. ಪೌಲ ಹೋಗಲ್ಲ ಅಂದ. 37ನೇ ವಚನ. ನಾವು ರೋಮಾಪುರದ ಹಕ್ಕುಳ್ಳವರು, ವಿಚಾರಣೆ ಇಲ್ಲದೆ ಎಲ್ಲರೆದುರಿಗೆ ಹೊಡೆಸಿದ್ರಿ, ಈಗ ಗುಟ್ಟಾಗಿ ಕಳಿಸ್ತೀರಾ? ತಾವೇ ಬಂದು ಕರೆದುಕೊಂಡು ಹೋಗಲಿ ಅನ್ನುವುದು ಅವನ ಮಾತಿನ ಸಾರ. ಅಧಿಕಾರಿಗಳು ಹೆದರಿ ಬಂದು ಬೇಡಿಕೊಂಡರು.

ಅದೇ ಪೌಲ, ಅದೇ ಬಾಯಿ. ಮಧ್ಯರಾತ್ರಿ ಹಾಡಿದ ಬಾಯಿಯೇ ಬೆಳಿಗ್ಗೆ ಕಾನೂನು ಕೇಳಿತು. ಪವಿತ್ರಾತ್ಮ ರಾತ್ರಿ ಇದ್ದು ಬೆಳಿಗ್ಗೆ ಬಿಟ್ಟು ಹೋದನಾ? ರೋಮಾಪುರದವರಿಗೆ 13ನೇ ಅಧ್ಯಾಯ ಬರೆದವನೂ ಈತನೇ, ಅಧಿಕಾರಕ್ಕೆ ಅಧೀನರಾಗಿರಿ ಅಂತ. ಅಧೀನನಾಗಿದ್ದುಕೊಂಡೇ ಅಧಿಕಾರಿಗೆ ಅವನದೇ ಕಾನೂನನ್ನು ನೆನಪಿಸಿದ. ಯಾರನ್ನೂ ಹೊಡೆಸು ಅನ್ನಲಿಲ್ಲ. ಇನ್ನೊಂದು ಗಮನಿಸಿ, ಪೌಲ ಆ ದಿನವೇ ಊರು ಬಿಟ್ಟು ಹೊರಡ್ತಾನೆ, ಅವನಿಗೆ ಅದರಿಂದ ಲಾಭ ಏನು? ಉಳಿಯುವವರು ಲುದ್ಯಳ ಮನೆಯಲ್ಲಿ ಸೇರುವ ಹೊಸ ವಿಶ್ವಾಸಿಗಳು. ನಾಳೆ ಇವರ ಮೇಲೆ ಕೈ ಮಾಡುವ ಮುಂಚೆ ಅಧಿಕಾರಿಗಳು ಎರಡು ಸಲ ಯೋಚಿಸಬೇಕು. ಪೌಲ ಕೇಳಿದ್ದು ಅವರಿಗಾಗಿ ಅಂತ ನಾನು ನಂಬ್ತೀನಿ.

ಹೇಮರ್ ಕೂಡ ಬೆಳಗಿನ ಮಾತು ಆಡಿದರು. 1964ರ ಆಗಸ್ಟ್ 22, ಅಟ್ಲಾಂಟಿಕ್ ಸಿಟಿ, ಡೆಮಾಕ್ರಟಿಕ್ ಪಕ್ಷದ ಸಮಿತಿಯ ಮುಂದೆ, ಟಿ.ವಿ. ಕ್ಯಾಮೆರಾಗಳ ಎದುರಿಗೆ, ವಿನೋನಾದಲ್ಲಿ ಆದದ್ದನ್ನೆಲ್ಲ ಹೇಳಿದರು. ಅಧ್ಯಕ್ಷ ಜಾನ್ಸನ್ ಕ್ಯಾಮೆರಾಗಳನ್ನು ತನ್ನ ಕಡೆ ತಿರುಗಿಸೋಕೆ ದಿಢೀರನೆ ಪತ್ರಿಕಾಗೋಷ್ಠಿ ಕರೆದರು. ರಾತ್ರಿ ಚಾನೆಲ್‌ಗಳು ಆಕೆಯ ಮಾತನ್ನೇ ಮತ್ತೆ ಹಾಕಿದವು. ದೇಶವೆಲ್ಲ ನೋಡಿತು. ಮುಂದಿನ ವರ್ಷ, 1965ರ ಆಗಸ್ಟ್ 6ಕ್ಕೆ, ಮತದಾನದ ಹಕ್ಕಿನ ಕಾನೂನು ಬಂತು. ಆಕೆಯೊಬ್ಬರಿಂದಲೇ ಅಲ್ಲ, ಸಾವಿರಾರು ಜನರಿಂದ. ಆ ಸಾವಿರಾರು ಜನ ಹಾಡ್ತಿದ್ದರು.

ಇದು ಬ್ಯಾಪ್ಟಿಸ್ಟರ ಕಥೆ, ನಮಗೇನು ಅನ್ನುವವರಿಗೆ ಒಂದು ಮಾತು. ನಮ್ಮ ಪೆಂತೆಕೊಸ್ತು ಚಳವಳಿಗೆ ದೊಡ್ಡ ಕಿಡಿ ಹತ್ತಿದ್ದು 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ. ನಡೆಸಿದವರು ವಿಲಿಯಂ ಸೆಮೂರ್, ಗುಲಾಮರಾಗಿದ್ದ ತಂದೆತಾಯಿಯ ಮಗ. ಅವರು ಬೈಬಲ್ ತರಗತಿಗೆ ಹೋದಾಗ ಕಪ್ಪು ಬಣ್ಣದವರೆಂದು ಒಳಗೆ ಕೂರಿಸಲಿಲ್ಲ. ಹೊರಗೆ ಕೂತು ಪವಿತ್ರಾತ್ಮನ ದೀಕ್ಷಾಸ್ನಾನದ ಪಾಠ ಕೇಳಿಸಿಕೊಂಡರು. ಆ ಮನುಷ್ಯನ ಪ್ರಾರ್ಥನೆಯಲ್ಲಿ ಕಪ್ಪು ಬಿಳಿ ಒಟ್ಟಿಗೆ ಮೊಣಕಾಲೂರಿದರು. ಮತ್ತೆ ಮೆಂಫಿಸ್ ನಗರದಲ್ಲಿ, 1968ರಲ್ಲಿ, ಕಸ ಎತ್ತುವ ಇಬ್ಬರು ಕಾರ್ಮಿಕರು ಮಳೆಗೆ ಲಾರಿಯ ಹಿಂಭಾಗದಲ್ಲಿ ಆಶ್ರಯ ಪಡೆದಾಗ ಯಂತ್ರ ಚಾಲೂ ಆಗಿ ಜಜ್ಜಿಹೋದರು. ಸಾವಿರದ ಮುನ್ನೂರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರಿಗಾಗಿ ಕಿಂಗ್ ತನ್ನ ಕೊನೆಯ ಭಾಷಣ ಮಾಡಿದ್ದು ಏಪ್ರಿಲ್ 3ರ ರಾತ್ರಿ, ಮೇಸನ್ ಟೆಂಪಲ್‌ನಲ್ಲಿ. ಅದು ಪೆಂತೆಕೊಸ್ತು ಸಭೆಯ ಕಟ್ಟಡ. ಮರುದಿನ ಸಂಜೆ ಬಾಲ್ಕನಿಯಲ್ಲಿ ನಿಂತು, ಇವತ್ತಿನ ಕೂಟದಲ್ಲಿ ‘ಪ್ರೆಷಸ್ ಲಾರ್ಡ್’ ಹಾಡನ್ನು ಚೆನ್ನಾಗಿ ನುಡಿಸು ಅಂತ ವಾದ್ಯಗಾರನಿಗೆ ಹೇಳಿದ ಸ್ವಲ್ಪ ಹೊತ್ತಿಗೇ ಗುಂಡು ಬಿತ್ತು. ಹೆಂಡತಿಯನ್ನೂ ಹುಟ್ಟಿದ ಮಗುವನ್ನೂ ಕಳೆದುಕೊಂಡ ಥಾಮಸ್ ಡಾರ್ಸಿ 1932ರಲ್ಲಿ ಬರೆದ ಹಾಡು ಅದು.

ಈಗ ನನ್ನ ಬಾಕಿ.

ನಮ್ಮ ಸಭೆಯ ಒಬ್ಬ ಅಕ್ಕ, ಅವರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಒಂದು ದೊಡ್ಡ ಕಟ್ಟಡದಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಹೌಸ್‌ಕೀಪಿಂಗ್ ಕೆಲಸ. ಬೆಳಿಗ್ಗೆ ಆರಕ್ಕೆ ಹೋಗಬೇಕು. ಅವರು ಒರೆಸುವ ಲಿಫ್ಟಿನಲ್ಲಿ ಅವರು ಹತ್ತುವ ಹಾಗಿಲ್ಲ. ನೀರು ಕುಡಿಯೋಕೆ ಬೇರೆ ಲೋಟ, ಅದೂ ಬಾತ್‌ರೂಮಿನ ಪಕ್ಕದ ಕಿಟಕಿಯ ಮೇಲೆ. ಕೆಲವು ತಿಂಗಳ ಹಿಂದೆ ಪ್ರಾರ್ಥನೆಗೆ ಬಂದು, ‘ಪಾಸ್ಟರ್, ಮೂರು ತಿಂಗಳ ಸಂಬಳ ಬಂದಿಲ್ಲ. ಕೇಳಿದ್ರೆ ಸೂಪರ್‌ವೈಸರು, ನಿಮ್ಮ ಜನಕ್ಕೆ ಇಷ್ಟು ಸಿಗೋದೇ ಹೆಚ್ಚು ಅಂತಾರೆ’ ಅಂದರು. ನಿಮ್ಮ ಜನ. ಕೇಳಿಸಿತಾ? ಒಳಗಿರೋದು ಹಣದ ಲೆಕ್ಕ, ಮುಂದಿಟ್ಟದ್ದು ಜಾತಿ.

ನಾನು ಏನು ಹೇಳಿದೆ ಗೊತ್ತಾ? ಇದೇ ಅಧ್ಯಾಯ ತೆಗೆದೆ. ‘ಅಕ್ಕ, ಪೌಲ ಸೀಲರು ಜೈಲಿನಲ್ಲೂ ಗೊಣಗಲಿಲ್ಲ, ಹಾಡಿದರು. ನೀವೂ ಸ್ತೋತ್ರ ಮಾಡಿ, ಕರ್ತನು ಬಾಗಿಲು ತೆರೀತಾನೆ’ ಅಂದೆ. ತಲೆ ಮೇಲೆ ಕೈ ಇಟ್ಟು ಪ್ರಾರ್ಥಿಸಿದೆ. ಅಕ್ಕ ‘ಆಯ್ತು ಪಾಸ್ಟರ್’ ಅಂದರು. ಅಷ್ಟೇ. ಮುಂದಿನ ಭಾನುವಾರ ಬಂದರು, ಚಪ್ಪಾಳೆ ತಟ್ಟಿದರು, ಹಾಡಿದರು. ಮತ್ತೆ ಯಾವತ್ತೂ ನನ್ನ ಹತ್ತಿರ ಆ ವಿಷಯ ಎತ್ತಲಿಲ್ಲ.

ನಾನು 34ನೇ ವಚನಕ್ಕೆ ಸತ್ಯವೇದ ಮುಚ್ಚಿಬಿಟ್ಟಿದ್ದೆ. ಆಕೆಗೆ ಮಧ್ಯರಾತ್ರಿಯ ಹಾಡು ಕೊಟ್ಟೆ, ಬೆಳಗು ಕೊಡಲಿಲ್ಲ. ಹೇಮರ್ ಬಗ್ಗೆ ಓದುವಾಗ ನಾಚಿಕೆ ಆಗಿದ್ದು ಇದಕ್ಕೇ. ಆಕೆಯ ಊರಿನ ಪಾಸ್ಟರುಗಳು 44 ವರ್ಷ ಹೇಳದೇ ಇದ್ದದ್ದನ್ನು ಓದಿ ಅವರ ಮೇಲೆ ಸಿಟ್ಟು ಮಾಡಿಕೊಂಡೆ. ಆಮೇಲೆ ಕನ್ನಡಿ ನೋಡಿದ ಹಾಗಾಯಿತು.

ಹೋದ ವಾರ ಅಕ್ಕನ ಮನೆಗೆ ಹೋಗಿ ಕ್ಷಮೆ ಕೇಳಿದೆ. ‘ಅಯ್ಯೋ ಬಿಡಿ ಪಾಸ್ಟರ್’ ಅಂತ ಟೀ ಕೊಟ್ಟರು. ಆಮೇಲೆ ಒಂದು ಪ್ಲಾಸ್ಟಿಕ್ ಕವರ್ ತಂದು ಮುಂದಿಟ್ಟರು. ಒಳಗೆ ಹಾಜರಿ ಬರೆದಿಟ್ಟ ಸಣ್ಣ ನೋಟ್‌ಬುಕ್, ಹಳೆಯ ಸಂಬಳದ ಚೀಟಿಗಳು, ಬ್ಯಾಂಕ್ ಪಾಸ್‌ಬುಕ್. ಎಲ್ಲ ತಾರೀಖಿನ ಪ್ರಕಾರ ಜೋಡಿಸಿದ್ದರು. ಅಂದರೆ ಆಕೆ ಇಷ್ಟು ದಿನವೂ ಬೆಳಗಿಗೆ ತಯಾರಾಗೇ ಇದ್ದರು. ಜೊತೆಗೆ ಬರುವವರು ಇರಲಿಲ್ಲ. ಅವರ ಜೊತೆ ಕೆಲಸ ಮಾಡುವ ಇನ್ನೂ ಏಳು ಜನರಿಗೆ ಇದೇ ಕಥೆ. ಅವರಲ್ಲಿ ವಿಶ್ವಾಸಿಗಳಲ್ಲದವರೂ ಇದ್ದಾರೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಕೋಳ ಕಳಚಿದ್ದು ಪೌಲ ಸೀಲರದು ಮಾತ್ರವಲ್ಲ, ಎಲ್ಲರದೂ. 26ನೇ ವಚನ, ನೋಡಿಕೊಳ್ಳಿ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಮಿಕ ಇಲಾಖೆ ಕಚೇರಿಗೆ ಹೋಗ್ತಿದ್ದೀವಿ. ನನಗೆ ಮೂರು ಜನ ಬೇಕು. ಕನ್ನಡದಲ್ಲಿ ಅರ್ಜಿ ಚೆನ್ನಾಗಿ ಬರೆಯುವವರು ಒಬ್ಬರು. ಎಂಟು ಜನರ ಲೆಕ್ಕ ಹಾಕಿ ಟೈಪ್ ಮಾಡುವವರು ಒಬ್ಬರು. ಎಕ್ಸೆಲ್ ಗೊತ್ತಿರುವವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು, ತಲೆ ತಗ್ಗಿಸಬೇಡಿ. ಲಾ ಓದ್ತಿರುವ ತಂಗಿ, ನೀನು ಬರ್ತೀಯಾ? ಅರ್ಧ ದಿನ ರಜೆ ಹಾಕಬೇಕಾಗುತ್ತೆ. ಒಂದೇ ದಿನಕ್ಕೆ ಆಗಲ್ಲ, ಮತ್ತೆ ಮತ್ತೆ ಹೋಗಬೇಕಾಗಬಹುದು. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ವಾಪಸ್ ಬರಲ್ಲ. ಬರುವವರು ಸರ್ವಿಸ್ ಆದ ಮೇಲೆ ಆಡಿಯೋ ಮೇಜಿನ ಹತ್ತಿರ ಹೆಸರು ಕೊಡಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನಮ್ಮ ಬಾಯಿಯ ಹಾಡನ್ನು ನೀನು ಕೇಳಿದ್ದೀ, ನಮ್ಮ ಮೌನವನ್ನೂ ಕೇಳಿದ್ದೀ. ಕ್ಷಮಿಸು. ನಮ್ಮ ಅಕ್ಕನಿಗೂ ಅವರ ಜೊತೆಯ ಏಳು ಜನರಿಗೂ ದುಡಿದ ಕೂಲಿ ಸಿಗಲಿ. ಆ ಸೂಪರ್‌ವೈಸರ್‌ನ ಮನಸ್ಸನ್ನೂ ಮುಟ್ಟು ಕರ್ತನೇ. ಮಂಗಳವಾರ ನಮ್ಮ ಜೊತೆ ನಡೆ. ಯೇಸುವಿನ ನಾಮದಲ್ಲಿ, ಆಮೆನ್.

ಎಲ್ಲರೂ ಎದ್ದು ನಿಲ್ಲಿ. ವರ್ಷಿಪ್ ಟೀಮ್ ಬನ್ನಿ, ಆದರೆ ಕೀಬೋರ್ಡ್ ಬೇಡ, ಸ್ಕ್ರೀನ್ ಆಫ್ ಮಾಡಿ. ಇವತ್ತು ಅಕ್ಕ ಹಾಡು ಎತ್ತಿಕೊಡ್ತಾರೆ, ನಾವು ಹಿಡಿದುಕೊಳ್ಳೋಣ. ಬನ್ನಿ ಅಕ್ಕ, ಮೈಕ್ ಇಲ್ಲಿದೆ. ಬೇಡ್ವಾ? ಸರಿ, ಮೈಕ್ ಇಲ್ಲದೇ ಹಾಡಿ.